ಒಂದು ಸಲ ಕೀ ಕೊಟ್ಟರೆ 28 ಸೆಕೆಂಡು!
ಅಲೆ ಮೇಲೆ ಹಲಗೆ ಓಡಿಸುವವರನ್ನು ಹಳೇ ರೀಲು ಕ್ಯಾಮೆರಾದಲ್ಲಿ ಹಿಡಿದವರ ಜಮಾ-ಖರ್ಚು

ಅಂಗಡಿಕಾರ ದುಡ್ಡು ಹಾಕಿದರೆ ಸಿನಿಮಾ ಹುಟ್ಟುತ್ತದೆಯೇ? ಹುಟ್ಟಿದ್ದುಂಟು.

1957-58ರ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಡೇಲ್ ವೆಲ್ಜಿ ಅಂತ ಒಬ್ಬ ವ್ಯಾಪಾರಿ. ಮಾರುತ್ತಿದ್ದದ್ದು ಅಕ್ಕಿ-ಬೇಳೆಯಲ್ಲ, ಸಮುದ್ರದ ಅಲೆ ಮೇಲೆ ನಿಂತು ಜಾರುವ ಸರ್ಫಿಂಗ್ ಹಲಗೆ. ಜನ ಆಟ ನೋಡಿದರೆ ತಾನೇ ಹಲಗೆ ಖರ್ಚಾಗೋದು? ವೆಲ್ಜಿ ಇಪ್ಪತ್ತರ ಹರೆಯದ ಬ್ರೂಸ್ ಬ್ರೌನ್ ಎಂಬ ಹುಡುಗನ ಕೈಗೆ 5000 ಡಾಲರ್ ಇಟ್ಟ. ಕ್ಯಾಮೆರಾ, ಫಿಲ್ಮು, ಹವಾಯಿ ದ್ವೀಪಕ್ಕೆ ವಿಮಾನದ ಟಿಕೆಟ್ಟು, ಅಲ್ಲಿ ಊಟ-ವಸತಿ ಎಲ್ಲವೂ ಅದರಲ್ಲೇ ಆಗಬೇಕು. ಹುಡುಗನಿಗೆ ಸಿನಿಮಾ ತೆಗೆಯುವ ವಿದ್ಯೆ ಗೊತ್ತಿರಲಿಲ್ಲ. ವಿಮಾನದಲ್ಲಿ ಕೂತು ಸಿನಿಮಾ ತೆಗೆಯೋದು ಹೇಗೆ ಅಂತ ಪುಸ್ತಕ ಓದಿಕೊಂಡೇ ಹೋದನಂತೆ!

ಆಗ ತಯಾರಾದ ಚಿತ್ರ 'ಸ್ಲಿಪರಿ ವೆನ್ ವೆಟ್'. ಅದೇ ಹುಡುಗ ಮುಂದೆ 'ದಿ ಎಂಡ್‌ಲೆಸ್ ಸಮ್ಮರ್' ತೆಗೆದು ಲೋಕಪ್ರಸಿದ್ಧನಾದ.

ನಮ್ಮ ಕರಾವಳಿಗೂ ಈ ಆಟ ಈಗ ಹೊಸದಲ್ಲ. ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕಲಿಕೆ ನಡೆದಿದೆ. 2016ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ಕಿನಾರೆಯಲ್ಲಿ 'ಇಂಡಿಯನ್ ಓಪನ್ ಆಫ್ ಸರ್ಫಿಂಗ್' ಸ್ಪರ್ಧೆಯೇ ಜರುಗಿತು. ದಡದ ಮೇಲೆ ನಿಂತವರ ಕೈಯಲ್ಲೆಲ್ಲ ಮೊಬೈಲು. ಬೆರಳು ಒತ್ತಿದರೆ ಸಾಕು, ಬೇಕಾದಷ್ಟು ಹೊತ್ತು ಓಡುತ್ತದೆ. ಆದರೆ ಈ ಆಟವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಮೊಬೈಲಲ್ಲ. ಅರ್ಧ ನಿಮಿಷವೂ ಒಂದೇ ಸಮನೆ ಓಡದ ಹಳೇ ಡಬ್ಬ ಕ್ಯಾಮೆರಾ. ಅದರ ಕಥೆ ಕೇಳಿದರೆ ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಯಾಕೆಂದರೆ ಅದು ಪೂರ್ತಿ ಲೆಕ್ಕದ ಕಥೆ.

ಮೊದಲು ಲೆಕ್ಕ

ಆ ಕಾಲದ ಸರ್ಫಿಂಗ್ ಚಿತ್ರಗಾರರು ನೆಚ್ಚಿಕೊಂಡದ್ದು 16 ಮಿಲಿಮೀಟರ್ ಫಿಲ್ಮು. ಅದರ ಕ್ಯಾಮೆರಾಗಳಲ್ಲಿ ಹೆಸರುವಾಸಿ ಸ್ವಿಟ್ಜರ್ಲೆಂಡಿನ ಬೋಲೆಕ್ಸ್ ಎಚ್-16. ಇದು 1935ರಲ್ಲಿ ಬಂದ ಮಾಲು. ಬ್ಯಾಟರಿಯ ಗೊಡವೆ ಇಲ್ಲ. ಗೋಡೆ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಪಕ್ಕದ ಹಿಡಿ ತಿರುಗಿಸಿ ಸ್ಪ್ರಿಂಗು ಬಿಗಿ ಮಾಡಬೇಕು. ಪೂರ್ತಿ ಕೀ ಕೊಟ್ಟರೆ, ಸೆಕೆಂಡಿಗೆ 24 ಚಿತ್ರದ ವೇಗದಲ್ಲಿ ಸುಮಾರು 28 ಸೆಕೆಂಡು ಓಡುತ್ತದೆ. ಆಮೇಲೆ ಸ್ತಬ್ಧ! ಮತ್ತೆ ಕೀ ಕೊಡಬೇಕು.

ಒಳಗಿನ ರೀಲು 100 ಅಡಿ. ಅಡಿಗೆ 40 ಚಿತ್ರ. ಒಟ್ಟು 4000 ಚಿತ್ರ. ಅದೇ ವೇಗದಲ್ಲಿ ಭಾಗಿಸಿ ನೋಡಿ: 2 ನಿಮಿಷ 47 ಸೆಕೆಂಡು. ಹೋಟೆಲಿನಲ್ಲಿ ಬೈಟು ಕಾಫಿ ಹೇಳಿ, ಅದು ಮೇಜಿಗೆ ಬರುವುದರೊಳಗೆ ರೀಲು ಖಲಾಸ್!

ಅಲೆ ಮೇಲೆ ಹೋಗುವವನನ್ನು ನಿಧಾನವಾಗಿ, ಗಾಳಿಯಲ್ಲಿ ತೇಲಿದ ಹಾಗೆ ತೋರಿಸಬೇಕಾದರೆ ಖರ್ಚು ಇನ್ನೂ ಜಾಸ್ತಿ. ಆಗ ಕ್ಯಾಮೆರಾವನ್ನು ಸೆಕೆಂಡಿಗೆ 64 ಚಿತ್ರದ ವೇಗದಲ್ಲಿ ಓಡಿಸಬೇಕು. ಒಂದು ಕೀ ಸುಮಾರು ಹತ್ತೇ ಸೆಕೆಂಡಿಗೆ ಮುಗಿಯುತ್ತದೆ. ರೀಲು ಒಂದು ನಿಮಿಷದಲ್ಲಿ ಖಾಲಿ. ಒಂದೊಂದು ಚಿತ್ರಕ್ಕೆ ಸಿಗುವ ಬೆಳಕೂ ಕಡಿಮೆಯಾಗುವುದರಿಂದ ಲೆನ್ಸಿನ ಕಿಂಡಿಯನ್ನು ಅಷ್ಟೇ ದೊಡ್ಡದು ಮಾಡಬೇಕು. ಲೆಕ್ಕ ತಪ್ಪಿದರೆ ತೆರೆಯ ಮೇಲೆ ಬರೀ ಕತ್ತಲೆ.

ಎದುರುಗಡೆ ಸಮುದ್ರ. ಅದು ಯಾರ ಲೆಕ್ಕಕ್ಕೂ ಸಿಗೋದಲ್ಲ. ಒಳ್ಳೆಯ ಅಲೆಗಳು ನಾಲ್ಕಾರು ಒಟ್ಟಿಗೆ ಬಂದು, ಆಮೇಲೆ ಎಷ್ಟೋ ಹೊತ್ತು ನೀರು ಸುಮ್ಮನಿರುತ್ತದೆ. ಹಲಗೆಯವನು ಯಾವ ಅಲೆ ಹಿಡಿಯುತ್ತಾನೆ, ಯಾವುದನ್ನು ಬಿಡುತ್ತಾನೆ? ಮುಂಚೆಯೇ ಗುಂಡಿ ಒತ್ತಿದರೆ, ಅವನು ಎದ್ದು ನಿಂತು ಬಿರುಸಿನಿಂದ ಬರುವ ಹೊತ್ತಿಗೆ ಸ್ಪ್ರಿಂಗು ಸಡಿಲಾಗಿರುತ್ತದೆ. ತಡವಾಗಿ ಒತ್ತಿದರೆ ಏಳುವ ಗಳಿಗೆಯೇ ತಪ್ಪಿ ಹೋಗುತ್ತದೆ. ಅಲೆಯನ್ನು ಓದಲು ಬಂದವನಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ. ಹೆಸರು ಮಾಡಿದ ಚಿತ್ರಗಾರರಲ್ಲಿ ಮುಕ್ಕಾಲುಪಾಲು ಜನ ಸ್ವತಃ ಹಲಗೆ ಆಟದವರೇ ಆದದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಆದ ಮೇಲೂ ಏನು ಸಿಕ್ಕಿದೆ ಎಂಬುದು ಅಲ್ಲೇ ಗೊತ್ತಾಗುವುದಿಲ್ಲ. ರೀಲು ಲ್ಯಾಬಿಗೆ ಹೋಗಿ, ತೊಳೆದು ಬರುವ ತನಕ ದೇವರ ಮೇಲೆ ಭಾರ!

65 ಸೆಂಟಿನ ಟಿಕೆಟ್ಟು

ಈ ಕಸುಬಿಗೆ ದಾರಿ ಹಾಕಿಕೊಟ್ಟವನು ಬಡ್ ಬ್ರೌನ್. ಬ್ರೂಸ್ ಬ್ರೌನನಿಗೂ ಇವನಿಗೂ ಸಂಬಂಧವಿಲ್ಲ. ಈಜುಗಾರ, ಶಾಲಾ ಮೇಷ್ಟ್ರು, ಸಮುದ್ರದಲ್ಲಿ ಮುಳುಗುವವರನ್ನು ಎಳೆದು ತರುವ ಜೀವರಕ್ಷಕ. ಹವಾಯಿಯಲ್ಲಿ ತಾನು ತೆಗೆದ ರೀಲುಗಳನ್ನು ಜೋಡಿಸಿ 1953ರಲ್ಲಿ ಸಾಂಟಾ ಮೋನಿಕಾದ ಒಂದು ಶಾಲೆಯ ಸಭಾಂಗಣದಲ್ಲಿ ತೋರಿಸಿದ. ಟಿಕೆಟ್ಟು 65 ಸೆಂಟು. ದುಡ್ಡು ಕೊಟ್ಟು ಜನ ನೋಡಿದ ಮೊದಲ ಸರ್ಫಿಂಗ್ ಸಿನಿಮಾ ಇದೇ ಎನ್ನುತ್ತಾರೆ.

ನಮ್ಮ ಟೂರಿಂಗ್ ಟಾಕೀಸು ನೆನಪಿಸಿಕೊಳ್ಳಿ. ಹೆಚ್ಚು ಕಡಿಮೆ ಅದೇ ಧಾಟಿ. ಈ ಚಿತ್ರಗಳಲ್ಲಿ ಮಾತಿಲ್ಲ, ಕಥೆಯಿಲ್ಲ. ತೆಗೆದವನೇ ಪ್ರೊಜೆಕ್ಟರು ಹೊತ್ತು ಊರೂರಿಗೆ ಹೋಗಬೇಕು, ಭಿತ್ತಿಪತ್ರ ಅಂಟಿಸಬೇಕು, ಟಿಕೆಟ್ಟು ಹರಿಯಬೇಕು. ದೀಪ ಆರಿದ ಮೇಲೆ ಟೇಪು ಹಾಕಿ ಸಂಗೀತ ಬಿಟ್ಟು, ಮೈಕು ಹಿಡಿದು ವಿವರಣೆಯನ್ನೂ ತಾನೇ ಹೇಳಬೇಕು.

50 ಡಾಲರ್ ಉಳಿತಾಯ, ಜಗತ್ತೇ ಲಾಭ!

1963ರ ಕೊನೆಗೆ ಬ್ರೂಸ್ ಬ್ರೌನ್ ಮೈಕ್ ಹಿನ್ಸನ್, ರಾಬರ್ಟ್ ಆಗಸ್ಟ್ ಎಂಬ ಇಬ್ಬರು ಹಲಗೆ ವೀರರನ್ನು ಕಟ್ಟಿಕೊಂಡು ಹೊರಟ. ಹೊರಡಬೇಕಿದ್ದದ್ದು ದಕ್ಷಿಣ ಆಫ್ರಿಕಾಕ್ಕೆ. ಕೇಪ್‌ಟೌನಿಗೆ ಹೋಗಿ ಬರುವ ಟಿಕೆಟ್ಟಿಗಿಂತ ಇಡೀ ಭೂಮಿ ಸುತ್ತಿ ಬರುವ ಟಿಕೆಟ್ಟೇ 50 ಡಾಲರ್ ಅಗ್ಗ ಅಂತ ಟ್ರಾವೆಲ್ ಏಜೆಂಟು ಹೇಳಿದನಂತೆ. ಸರಿ, ಭೂಮಿಯನ್ನೇ ಸುತ್ತೋಣ ಅಂತ ತೀರ್ಮಾನ! ಸೆನೆಗಲ್, ಘಾನಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ತಾಹಿತಿ, ಹವಾಯಿ. ಬೇಸಿಗೆಯ ಬೆನ್ನು ಹತ್ತಿ ಊರೂರು ಅಲೆದರು. ಕೈಯಲ್ಲಿ ಕೀ ಕೊಡುವ ಬೋಲೆಕ್ಸ್. ಒಟ್ಟು ಬಂಡವಾಳ ಸುಮಾರು 50,000 ಡಾಲರ್.

1964ರಲ್ಲಿ ಸಭಾಂಗಣಗಳಲ್ಲಿ ಚಿತ್ರ ಓಡಿತು. ಆದರೆ ದೊಡ್ಡ ವಿತರಕರು ಮುಟ್ಟಲಿಲ್ಲ. ಸಮುದ್ರದಿಂದ ಹತ್ತು ಮೈಲಿ ಆಚೆ ಇದನ್ನು ಯಾರು ನೋಡ್ತಾರೆ ಎಂಬುದು ಅವರ ವಾದ. ಬ್ರೌನ್ ಹಟಕ್ಕೆ ಬಿದ್ದ. ಸಮುದ್ರದ ಗಾಳಿಯೇ ಸೋಕದ ಕಾನ್ಸಾಸ್ ರಾಜ್ಯದ ವಿಚಿಟಾ ಊರಿನಲ್ಲಿ, ಅದೂ ಕೊರೆಯುವ ಚಳಿಗಾಲದಲ್ಲಿ, ಟಾಕೀಸು ಬಾಡಿಗೆ ಹಿಡಿದ. ಜನ ಮುಗಿಬಿದ್ದರು. ಆಮೇಲೆ ನ್ಯೂಯಾರ್ಕಿನಲ್ಲೂ ತಾನೇ ಟಾಕೀಸು ಹಿಡಿದು ತಿಂಗಳುಗಟ್ಟಲೆ ಓಡಿಸಿದ. 1966ರಲ್ಲಿ ಚಿತ್ರ ದೇಶಾದ್ಯಂತ ಬಿಡುಗಡೆಯಾಗಿ ಹಾಕಿದ ದುಡ್ಡಿನ ಅನೇಕ ಪಟ್ಟು ದುಡಿಯಿತು. ಜೋಪಾನ ಮಾಡಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ 2002ರಲ್ಲಿ ಸೇರಿತು. ಬ್ರೌನ್ 2017ರಲ್ಲಿ ತೀರಿಕೊಂಡ.

ಬೆನ್ನ ಮೇಲೆ ಕ್ಯಾಮೆರಾ

ದಡದಲ್ಲಿ ಮುಕ್ಕಾಲಿ ಮೇಲೆ ಕ್ಯಾಮೆರಾ ಇಟ್ಟು ತೆಗೆಯೋದು ಒಂದು ಪಾಡು. ನೀರಿಗಿಳಿಯೋದು ಇನ್ನೊಂದು ಪಾಡು. ಕ್ಯಾಮೆರಾಕ್ಕೆ ನೀರು ನುಗ್ಗದ ಪೆಟ್ಟಿಗೆ ಬೇಕು. ಒಂದು ಹನಿ ಉಪ್ಪುನೀರು ಒಳಹೊಕ್ಕರೂ ಸ್ಪ್ರಿಂಗು, ಹಲ್ಲುಗಾಲಿಗಳಿಗೆ ತುಕ್ಕು. ರೀಲು ಮುಗಿದರೆ ನೀರಲ್ಲಿ ಬದಲಾಯಿಸುವಂತಿಲ್ಲ. ದಡಕ್ಕೆ ಈಜಿ, ಕೈ ಒರೆಸಿ, ನೆರಳಿಗೆ ಹೋಗಿ ಹೊಸ ರೀಲು ತೊಡಿಸಿ ಮತ್ತೆ ಈಜಬೇಕು. ಎರಡೂ ಮುಕ್ಕಾಲು ನಿಮಿಷದ ಫಿಲ್ಮಿಗೆ ಇಷ್ಟು ಪಡಿಪಾಟಲು!

ಇದರಲ್ಲಿ ಎಲ್ಲರನ್ನೂ ಮೀರಿಸಿದವನು ಜಾರ್ಜ್ ಗ್ರೀನೌ. ಸುಮಾರು 12-13 ಕಿಲೋ ತೂಕದ ಕ್ಯಾಮೆರಾ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡ. ಗಿಡ್ಡ ಹಲಗೆಯ ಮೇಲೆ ಮಂಡಿಯೂರಿ ಕೂತು, ಸುರುಳಿ ಸುತ್ತುವ ಅಲೆಯ ಹೊಟ್ಟೆಯೊಳಗೇ ನುಗ್ಗಿದ. ಬಿದ್ದರೆ ಆ ತೂಕವೇ ನೀರಿನಡಿಗೆ ಎಳೆಯುತ್ತದೆ. ಅಲ್ಲಿಯ ತನಕ ಹಲಗೆ ಓಡಿಸಿದವನಿಗೆ ಮಾತ್ರ ಗೊತ್ತಿದ್ದ ನೋಟ, ನಾಲ್ಕೂ ಕಡೆ ನೀರಿನ ಗೋಡೆ, ಎದುರಿಗೆ ಒಂದು ಬೆಳಕಿನ ಕಿಂಡಿ, ಟಾಕೀಸಿನ ಬೆಂಚಿನಲ್ಲಿ ಕೂತವನಿಗೂ ದಕ್ಕಿತು. 1973ರ 'ಕ್ರಿಸ್ಟಲ್ ವಾಯೇಜರ್' ಚಿತ್ರದ ಕೊನೆಯ ಭಾಗವೆಲ್ಲ ಈ ನೋಟವೇ. ಪಿಂಕ್ ಫ್ಲಾಯ್ಡ್ ಎಂಬ ಹೆಸರಾಂತ ಇಂಗ್ಲಿಷ್ ತಂಡ ಅದಕ್ಕೆ ತನ್ನ ಹಾಡು ಬಿಟ್ಟುಕೊಟ್ಟಿತು. ಬದಲಿಗೆ ಆ ದೃಶ್ಯಗಳನ್ನು ತನ್ನ ಕಛೇರಿಗಳಲ್ಲಿ ತೋರಿಸಿಕೊಂಡಿತು. ದುಡ್ಡಿನ ಮಾತಿಲ್ಲ, ಮಾಲಿಗೆ ಮಾಲು!

ಬತ್ತಿದ ಕೊಳ, ಉರುಳುವ ಹಲಗೆ

ಅಲೆ ಇಲ್ಲದ ದಿನ ಹಲಗೆ ಹುಡುಗರು ಏನು ಮಾಡಬೇಕು? ಹಲಗೆಗೆ ಚಕ್ರ ಹಾಕಿ ಬೀದಿಗಿಳಿದರು. ಅದೇ ಸ್ಕೇಟ್‌ಬೋರ್ಡ್. 1976-77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರಗಾಲ ಬಡಿದಾಗ ಮನೆ ಮನೆಯ ಈಜುಕೊಳಗಳು ಖಾಲಿಯಾದವು. ಹುಡುಗರು ಬೇಲಿ ಹಾರಿ ಹೋಗಿ, ಬತ್ತಿದ ಕೊಳದ ಗೋಡೆಯನ್ನೇ ಅಲೆ ಮಾಡಿಕೊಂಡು ಹತ್ತಿಳಿದರು. ಸ್ನೇಹಿತರು ಸಿಕ್ಕಿದ ಕ್ಯಾಮೆರಾದಲ್ಲಿ ತೆಗೆದರು.

ಬಡವರ ಪಾಲಿಗೆ ಒದಗಿದ್ದು ಕೊಡಕ್ ಕಂಪನಿ 1965ರಲ್ಲಿ ತಂದ ಸೂಪರ್ 8. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ 50 ಅಡಿ ಫಿಲ್ಮು. ಡಬ್ಬಿ ತುರುಕಿದರೆ ಕ್ಯಾಮೆರಾ ತಯಾರು. ಸೆಕೆಂಡಿಗೆ 18 ಚಿತ್ರದಂತೆ 3 ನಿಮಿಷ 20 ಸೆಕೆಂಡು ಬಾಳಿಕೆ.

ಆದರೆ ಸ್ಕೇಟ್‌ಬೋರ್ಡಿನ ಸಂಕಟವೇ ಬೇರೆ. ಒಂದು ಪಟ್ಟು ಸರಿಯಾಗಿ ಕೂರುವ ಮುಂಚೆ ಹುಡುಗ ಹತ್ತಾರು ಸಲ ಬೀಳುತ್ತಾನೆ. ಕೆಳಗಿರೋದು ನೀರಲ್ಲ, ಸಿಮೆಂಟು. ಪ್ರತಿ ಬೀಳಿಗೂ ಫಿಲ್ಮು ಓಡಿಸಿದರೆ ಕ್ಯಾಮೆರಾದವನ ಜೇಬು ಹರಿಯುತ್ತದೆ. ಓಡಿಸದೆ ಕೂತಾಗಲೇ ಪಟ್ಟು ಕೂತುಬಿಟ್ಟರೆ? "ಇನ್ನೊಂದು ಸಲ ಮಾಡಪ್ಪಾ" ಅನ್ನಬೇಕು. ಆ ಇನ್ನೊಂದು ಸಲದಲ್ಲಿ ಮೊಣಕೈ ಮುರಿದರೆ ಹೊಣೆ ಯಾರು? ಅದಕ್ಕೇ ಇಬ್ಬರ ನಡುವೆ ಒಪ್ಪಂದ ಗಟ್ಟಿಯಿರಬೇಕು. ಇವನು ತಯಾರಾಗುವ ತನಕ ಅವನು ಗುಂಡಿ ಮುಟ್ಟುವುದಿಲ್ಲ, ಅವನು ತಲೆಯಾಡಿಸುವ ತನಕ ಇವನು ಹೊರಡುವುದಿಲ್ಲ.

ಅಲೆ ಹೋಯ್ತು, ರೀಲು ಉಳಿಯಿತು

ಹಳೇ ರೀಲಿನ ಬೆಲೆ ಗೊತ್ತಾಗುವುದು ಇಲ್ಲಿ. ಬ್ರೌನ್ ದಕ್ಷಿಣ ಆಫ್ರಿಕಾದ ಕೇಪ್ ಸೇಂಟ್ ಫ್ರಾನ್ಸಿಸ್‌ನಲ್ಲಿ ಹಿಡಿದ ಅಲೆಗಳು ಅವನ ಹೆಸರಿನಲ್ಲೇ 'ಬ್ರೂಸಸ್ ಬ್ಯೂಟೀಸ್' ಎಂದು ಪ್ರಸಿದ್ಧವಾದವು. ಆಮೇಲೆ ಅಲ್ಲಿ ಮರಳ ದಿಬ್ಬಗಳಿಗೆ ಗಿಡ ನೆಟ್ಟು, ಮನೆ ಕಟ್ಟಿದರು. ದಿಬ್ಬದಿಂದ ಸಮುದ್ರಕ್ಕೆ ಹರಿಯುತ್ತಿದ್ದ ಮರಳು ನಿಂತಿತು. ತಳದ ಮರಳು ಹೋದ ಮೇಲೆ ಅಲೆಯ ರೂಪವೂ ಕೆಟ್ಟಿತು. ಸಿನಿಮಾದಲ್ಲಿ ಕಂಡಂಥ ಅಲೆ ಈಗ ಅಲ್ಲಿ ಅಪರೂಪ. ಕಡಲಿಗೆ ಕಲ್ಲು ಸುರಿದು ಸುಸ್ತಾದ ನಮ್ಮ ಕರಾವಳಿಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಸಾಂಟಾ ಮೋನಿಕಾದ ಪೆಸಿಫಿಕ್ ಓಷನ್ ಪಾರ್ಕ್ ಎಂಬ ವಿಹಾರದ ಕಟ್ಟೆಯದೂ ಇದೇ ಗತಿ. 1967ರಲ್ಲಿ ಬಾಗಿಲು ಹಾಕಿ, 70ರ ದಶಕದಲ್ಲಿ ನೆಲಸಮ. ಅದರ ಕೊಳೆತ ಕಂಬಗಳ ನಡುವೆ ಅಲೆ ಹಿಡಿಯುತ್ತಿದ್ದ ಹುಡುಗರ ಹಳೇ ತುಣುಕುಗಳು ಸಿಗದಿದ್ದರೆ 2001ರ 'ಡಾಗ್‌ಟೌನ್ ಅಂಡ್ ಝೀ-ಬಾಯ್ಸ್' ಸಾಕ್ಷ್ಯಚಿತ್ರ ಬರುತ್ತಲೇ ಇರಲಿಲ್ಲ. ಅದರ ನಿರ್ದೇಶಕ ಸ್ಟೇಸಿ ಪೆರಾಲ್ಟಾ ಸ್ವತಃ ಆ ಹುಡುಗರಲ್ಲಿ ಒಬ್ಬ.

ಹಾಗಂತ ರೀಲು ಚಿರಂಜೀವಿಯಲ್ಲ. ಸೆಕೆ, ತೇವ ತಾಗಿದರೆ ಅಸಿಟೇಟ್ ಫಿಲ್ಮು ಒಳಗೊಳಗೇ ಕೊಳೆಯುತ್ತದೆ, ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ. ಬಣ್ಣಕ್ಕೆ ಹೆಸರಾಗಿದ್ದ ಕೊಡಕ್ರೋಮ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕಟ್ಟಕಡೆಯ ಲ್ಯಾಬು, ಕಾನ್ಸಾಸಿನ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ 30ರ ನಂತರ ಹೊಸ ರೀಲು ಮುಟ್ಟಲಿಲ್ಲ. ಯಾರದಾದರೂ ಪೆಟ್ಟಿಗೆಯಲ್ಲಿ ತೊಳೆಯದ ಕೊಡಕ್ರೋಮ್ ಉಳಿದಿದ್ದರೆ ಅದರೊಳಗಿನ ಅಲೆ ಬಣ್ಣದಲ್ಲಿ ಇನ್ನು ಕಾಣುವುದಿಲ್ಲ.

ಮತ್ತೆ ಹಳೇ ಕ್ಯಾಮೆರಾ ಯಾಕೆ?

ಡಿಜಿಟಲ್ ಬಂತು, ರೀಲಿನ ಕಾಟ ತಪ್ಪಿತು. ಈಗ ಹಲಗೆ ಆಟದವರ ಎದೆ, ತಲೆ, ಹಲಗೆ ತುದಿಯಲ್ಲೆಲ್ಲ ಅಂಟಿರುವ ಗೋಪ್ರೋ ಕ್ಯಾಮೆರಾ ಗೊತ್ತಲ್ಲ? ಒಬ್ಬ ಸರ್ಫಿಂಗ್ ಹುಚ್ಚನೇ ಕಟ್ಟಿದ ಕಂಪನಿ ಅದು. 2004ರಲ್ಲಿ ಅದು ಮಾರಿದ ಮೊದಲ ಕ್ಯಾಮೆರಾ 35 ಮಿಲಿಮೀಟರ್ ಫಿಲ್ಮಿನದು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವಂಥದ್ದು!

ಇಷ್ಟಾದರೂ ಕೆಲವರು ಹಳೇ ಬೋಲೆಕ್ಸ್, ಹಳೇ ಸೂಪರ್ 8 ಹುಡುಕಿಕೊಂಡು ಹೋಗುತ್ತಾರೆ. ಥಾಮಸ್ ಕ್ಯಾಂಪ್‌ಬೆಲ್ ಎಂಬಾತ 1999ರಲ್ಲಿ 'ದಿ ಸೀಡ್ಲಿಂಗ್', 2004ರಲ್ಲಿ 'ಸ್ಪ್ರೌಟ್' ಎಂಬ ಸರ್ಫಿಂಗ್ ಚಿತ್ರಗಳನ್ನು 16 ಮಿಲಿಮೀಟರಿನಲ್ಲೇ ತೆಗೆದ. ಕೊಡಕ್ ಕಂಪನಿ ಈಗಲೂ ಫಿಲ್ಮು ಮಾಡುತ್ತದೆ. 2016ರಲ್ಲಿ ಘೋಷಿಸಿದ ಹೊಸ ಸೂಪರ್ 8 ಕ್ಯಾಮೆರಾವನ್ನು ಏಳೆಂಟು ವರ್ಷ ಕಾಯಿಸಿ ಮಾರಾಟಕ್ಕೆ ಬಿಟ್ಟಿತು. ಬೆಲೆ 5495 ಡಾಲರ್. ವೆಲ್ಜಿ ಅಂದು ಇಡೀ ಸಿನಿಮಾಕ್ಕೆ ಕೊಟ್ಟ ದುಡ್ಡಿಗಿಂತ ಜಾಸ್ತಿ!

ಇದು ಬರೀ ಶೋಕಿಯೇ? ಕೆಲವರಿಗೆ ಇರಬಹುದು. ಕಸುಬಿನವರ ಲೆಕ್ಕ ಬೇರೆ. ಕಿಸೆಯಲ್ಲಿ ಹತ್ತೇ ರೂಪಾಯಿ ಇದ್ದವನು ಸಂತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಮಾಲು ನೋಡಿ ಕೊಳ್ಳುತ್ತಾನೆ. ಹಾಗೇ 28 ಸೆಕೆಂಡು ಇದ್ದವನು ಅಲೆ ನೋಡಿ ಗುಂಡಿ ಒತ್ತುತ್ತಾನೆ. ಮೊಬೈಲಿನಲ್ಲಿ ಸಾವಿರ ಅಲೆ ತುಂಬಿಕೊಂಡವನು ಎಷ್ಟು ಅಲೆ ಕಣ್ಣಾರೆ ನೋಡಿರುತ್ತಾನೆ?

ಕೊನೆಗೊಂದು ಮಾತು. ಓದುಗರ ಮನೆಯ ಅಟ್ಟದ ಮೇಲೆ ಹಳೇ ಮದುವೆಯದೋ, ಜಾತ್ರೆಯದೋ ಸೂಪರ್ 8 ರೀಲು ಇದ್ದರೆ ಇವತ್ತೇ ಡಬ್ಬ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೂ ತಿಪ್ಪೆಗೆ ಎಸೆಯಬೇಡಿ, ತಡಮಾಡದೆ ಬಲ್ಲವರ ಕೈಯಲ್ಲಿ ಡಿಜಿಟಲ್ ಪ್ರತಿ ಮಾಡಿಸಿ. ಬರದಿದ್ದರೆ ತಂಪಾದ, ಒಣಗಿದ ಜಾಗದಲ್ಲಿಡಿ. ಕ್ಯಾಮೆರಾಕ್ಕೆ ಮತ್ತೆ ಕೀ ಕೊಡಬಹುದು, ಕಳೆದುಹೋದ ಮೂರು ನಿಮಿಷಕ್ಕೆ ಕೀ ಕೊಡಲಿಕ್ಕೆ ಆಗೋದಿಲ್ಲ.