ಬೆಸುಗೆಯಂತ್ರವೂ ಮನೆಯ ಅರ್ತಿಂಗೂ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಕನ್ನಡನಾಡಿನ ಹೊರಗುಳಿದವರು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು. ಅಲ್ಲಾಗಲಿ ಇಲ್ಲಾಗಲಿ, ಮನೆಯಂಗಳದಲ್ಲೇ ಗೇಟು, ಗ್ರಿಲ್ಲು ಬೆಸೆಯುವವರಿಗೆ ಒಂದು ಮಾತು.

ಮೂರು ಮಿಲಿಮೀಟರಿನ ಕಡ್ಡಿ ಸುಮಾರು 100 ಆಂಪಿಯರ್ ಎಳೆಯುತ್ತದೆ. ಅದು ಯಂತ್ರಕ್ಕೆ ಮರಳುವ ಕೇಬಲಿನ ಕ್ಲಾಂಪನ್ನು ಬೆಸೆಯುವ ಕಬ್ಬಿಣಕ್ಕೇ ಕಚ್ಚಿಸಬೇಕು. ಕಿಟಕಿಯ ಸರಳಿಗೋ ನೀರಿನ ಕೊಳವೆಗೋ ಸಿಕ್ಕಿಸಿದರೆ, ಆ ಪ್ರವಾಹ ಮನೆಯ ತೆಳು ಅರ್ತಿಂಗ್ ತಂತಿಗೆ ನುಗ್ಗಿ ಅದನ್ನು ಸುಟ್ಟುಬಿಡಬಹುದು. ದೀಪಗಳು ಉರಿಯುತ್ತಲೇ ಇರುವುದರಿಂದ ಯಾರಿಗೂ ತಿಳಿಯದು. ಮುಂದೊಂದು ದಿನ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಆಘಾತ ತಗಲುವುದು ಮನೆಯಾಕೆಗೆ!

ಯಂತ್ರಕ್ಕೆ ಮೀಟರಿನ ಹಲಗೆಯಿಂದಲೇ ದಪ್ಪ ತಂತಿ, ಬೇರೆ ಸ್ವಿಚ್ಚು ಹಾಕಿಸಿರಿ. ಅರ್ತಿಂಗನ್ನು ಬಲ್ಲವರಿಂದ ಆಗಾಗ ಪರೀಕ್ಷಿಸಿರಿ. ನಮ್ಮ ನೆಲ ಮಳೆಗೆ ನೆನೆದಿರುತ್ತದೆ. ಒದ್ದೆಯಲ್ಲಿ ನಿಂತು ಕಡ್ಡಿ ಬದಲಿಸುವ ಧೈರ್ಯವನ್ನು ನಾವಂತೂ ಮೆಚ್ಚೆವು. ಅಲ್ಲಿಯ ಕರಿಮಣ್ಣೋ ಬೇಸಗೆಗೆ ಬಿರಿಯುತ್ತದೆ. ಅರ್ತಿನ ಗುಂಡಿಗೆ ತಪ್ಪದೆ ನೀರು ಹೊಯ್ಯಬೇಕು.