ಮನೆಯೊಳಗಿನ ಎಲೆಗಿಡಗಳಿಗೆ ನೀರೆರೆಯುವ ಕ್ರಮ

ನಮ್ಮ ಶಾಲೆಯಲ್ಲಿ ವಿದ್ಯೆ ಕಲಿತು ಹೋದ ಸಹೋದರಿಯರಲ್ಲಿ ಅನೇಕರು ಈಗ ತಂತಮ್ಮ ಮನೆಗಳ ಪಡಸಾಲೆಯಲ್ಲಿಯೂ ಕಿಟಕಿಯ ಬಳಿಯಲ್ಲಿಯೂ ಎಲೆಯ ಚೆಲುವಿಗಾಗಿ ಬೆಳೆಸುವ ಕುಂಡದ ಗಿಡಗಳನ್ನು ಇಟ್ಟುಕೊಂಡಿರುವರು. ಮನಿ ಪ್ಲಾಂಟ್, ಕ್ರೋಟನ್, ಡಿಫೆನ್‌ಬೇಕಿಯಾ, ಸ್ನೇಕ್ ಪ್ಲಾಂಟ್ ಮೊದಲಾದ ಹೆಸರುಗಳು ಇಂದು ದೇವಣಗಾಂವದಂಥ ಭೀಮಾತೀರದ ಊರುಗಳಲ್ಲಿಯೂ ಅಪರಿಚಿತವಾಗಿಲ್ಲ. ಆದರೆ ತಂದ ಗಿಡವು ಆರು ತಿಂಗಳು ಬಾಳಲಿಲ್ಲವೆಂಬ ಮಾತೂ ಅಷ್ಟೇ ಸಾಮಾನ್ಯವಾದದ್ದು. "ದಿನಾಲೂ ತಪ್ಪದೆ ನೀರು ಹಾಕಿದೆವು, ಆದರೂ ಸತ್ತುಹೋಯಿತು" ಎಂದು ಹೇಳುವವರ ಮಾತಿನಲ್ಲಿಯೇ ಅದರ ಕಾರಣವು ಅಡಗಿರುವದು. ಮನೆಯೊಳಗಿನ ಗಿಡಗಳು ನೀರಡಿಕೆಯಿಂದ ಸಾಯುವದಕ್ಕಿಂತ ಮಿತಿಮೀರಿದ ನೀರಿನಿಂದ ಸಾಯುವದೇ ಹೆಚ್ಚು.

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರ್ ಮಾತ್ರ. ಬರ ಬಿದ್ದ ವರ್ಷಗಳಲ್ಲಿ ಒಂದು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಪಾಠವನ್ನು ಬಿಟ್ಟು ದೂರ ನಡೆಯಬೇಕಾಗುವದನ್ನು ಈ ನಾಡಿನ ತಾಯಂದಿರೆಲ್ಲರೂ ಬಲ್ಲರು. ಅಷ್ಟು ಕಷ್ಟದಿಂದ ಬಂದ ನೀರು ಗಿಡವನ್ನು ಬದುಕಿಸುವದರ ಬದಲು ಕೊಲ್ಲುವದಕ್ಕೆ ವೆಚ್ಚವಾಗುವದಾದರೆ ನಷ್ಟವು ಇಮ್ಮಡಿಯಾದದ್ದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಈ ಗಿಡಗಳ ತವರು ನಮ್ಮ ಬಯಲುಸೀಮೆಯಲ್ಲ. ಮನಿ ಪ್ಲಾಂಟ್ ಎಂಬ ಬಳ್ಳಿಯು ಶಾಂತಸಾಗರದ ಮೂರಿಯಾ ದ್ವೀಪದ್ದು. ಡಿಫೆನ್‌ಬೇಕಿಯಾ ಅಮೆರಿಕ ಖಂಡದ ಉಷ್ಣಪ್ರದೇಶದ ಕಾಡುಗಳದ್ದು. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕೆಯದು. ಮಳೆಗಾಡಿನ ಗಿಡಗಳೆಂದು ಕೇಳಿದೊಡನೆ ಅವಕ್ಕೆ ಸದಾ ನೀರು ಬೇಕೆಂದು ಹಲವರು ಭಾವಿಸುವರು. ಆದರೆ ಕಾಡಿನ ನೆಲವು ಉದುರಿದ ಎಲೆಗಳಿಂದ ಕೂಡಿ ಸಡಿಲವಾಗಿರುವದು. ಬಿದ್ದ ಮಳೆಯು ಅಲ್ಲಿ ನಿಲ್ಲದೆ ಇಳಿದುಹೋಗುವದು. ತೇವವು ಉಳಿಯುವದು, ನೀರು ನಿಲ್ಲುವದಿಲ್ಲ. ಈ ಎರಡರ ಭೇದವನ್ನು ತಿಳಿದವಳು ಅರ್ಧ ವಿದ್ಯೆಯನ್ನು ಕಲಿತಂತೆಯೇ ಸರಿ.

ಬೇರುಗಳೂ ಉಸಿರಾಡುವವು. ಮಣ್ಣಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುವವು. ದಿನಾಲೂ ನೀರೆರೆದರೆ ಆ ಸಂದುಗಳು ನೀರಿನಿಂದಲೇ ತುಂಬಿ ಬೇರುಗಳು ಉಸಿರುಗಟ್ಟುವವು; ಬಳಿಕ ಬೂಷ್ಟಿನ ಜಾತಿಯ ರೋಗಗಳು ಹತ್ತಿ ಅವು ಕೊಳೆಯುವವು. ಕೊಳೆತ ಬೇರು ನೀರನ್ನು ಹೀರಲಾರದು. ಆಗ ಕುಂಡದಲ್ಲಿ ನೀರಿದ್ದರೂ ಎಲೆಗಳು ನೀರಿಲ್ಲದವುಗಳಂತೆ ಜೋತುಬೀಳುವವು. ಇದನ್ನು ಕಂಡ ಮನೆಯಾಕೆಯು ಕನಿಕರದಿಂದ ಇನ್ನೊಂದು ತಂಬಿಗೆ ನೀರನ್ನು ಸುರಿಯುವಳು. ಗಿಡದ ಕಥೆಯು ಅಲ್ಲಿಗೆ ಮುಗಿಯುವದು. ಆದುದರಿಂದ ಎಲೆ ಬಾಡಿದಾಗ ಮೊದಲು ಮುಟ್ಟಬೇಕಾದದ್ದು ತಂಬಿಗೆಯನ್ನಲ್ಲ, ಮಣ್ಣನ್ನು. ಮಣ್ಣು ಒಣಗಿದ್ದರೆ ಅದು ನೀರಡಿಕೆ. ಮಣ್ಣು ಹಸಿಯಾಗಿದ್ದು ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾಗಿದ್ದರೆ ಅದು ಬೇರಿನ ಕೊಳೆತ.

ನಮ್ಮ ಎರೆಮಣ್ಣಿನ ಗುಣವನ್ನೂ ಇಲ್ಲಿ ಹೇಳಬೇಕು. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಜೋಳವು ಆ ಮೇಲೆ ಮಳೆ ಬಾರದಿದ್ದರೂ ಎರೆಹೊಲವು ಹಿಡಿದಿಟ್ಟ ತೇವದಿಂದಲೇ ತೆನೆಗಟ್ಟಬಲ್ಲದು. ಹೊಲದಲ್ಲಿ ನಮ್ಮನ್ನು ಸಲಹುವ ಈ ಗುಣವೇ ಕುಂಡದಲ್ಲಿ ದೋಷವಾಗುವದು. ಯಾಕಂದರೆ ಹೊಲಕ್ಕೆ ಆಳವುಂಟು, ಕುಂಡಕ್ಕೆ ಅದಿಲ್ಲ. ಇದಲ್ಲದೆ ಎರೆಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟು ನಿಲ್ಲುವದು. ಆಗ ಹಾಕಿದ ನೀರು ಆ ಬಿರುಕಿನಿಂದ ಹರಿದು ತಳದಿಂದ ಹೊರಬೀಳುವದಲ್ಲದೆ ಬೇರನ್ನು ಮುಟ್ಟುವದಿಲ್ಲ. ಆದಕಾರಣ ಎರೆಮಣ್ಣನ್ನೇ ತುಂಬದೆ ಕೆಂಪು ಮಣ್ಣು, ದಪ್ಪ ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವುಗಳನ್ನು ಸಮಭಾಗವಾಗಿ ಕೂಡಿಸಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಕುಂಬಾರನ ಮಣ್ಣಿನ ಕುಂಡವು ನೀರಿನ ಗಡಿಗೆಯಂತೆಯೇ ತನ್ನ ಗೋಡೆಯಿಂದ ತೇವವನ್ನು ಹೊರಬಿಡುವದು. ಪ್ಲಾಸ್ಟಿಕ್ ಕುಂಡವು ಹಾಗೆ ಬಿಡದ್ದರಿಂದ ಅದಕ್ಕೆ ನೀರು ಇನ್ನೂ ವಿರಳವಾಗಿ ಸಾಕು.

ನೀರೆರೆಯುವ ಕ್ರಮವು ಸುಲಭವಾದದ್ದು. ತೋರುಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿನಲ್ಲಿ ಇಳಿಸಿ ನೋಡಿರಿ. ತೇವವು ಹತ್ತಿದರೆ ಆ ದಿನ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವ ತನಕ ನಿಧಾನವಾಗಿ ಎರೆದು, ಬಳಿಕ ಪುನಃ ಒಣಗುವ ತನಕ ಸುಮ್ಮನಿರಿ. ದಿನಕ್ಕೊಂದು ಬೊಗಸೆ ಚಿಮುಕಿಸುವದಕ್ಕಿಂತ ಇದು ಲೇಸು. ಯಾಕಂದರೆ ಚಿಮುಕಿಸಿದ ನೀರು ಮೇಲಿನ ಮಣ್ಣನ್ನಷ್ಟೇ ತೋಯಿಸುವದು. ಸ್ನೇಕ್ ಪ್ಲಾಂಟಿಗೆ ಮಾತ್ರ ಮಣ್ಣು ಪೂರ್ತಿಯಾಗಿ ಒಣಗಿದ ಮೇಲೆಯೇ ನೀರು ಕೊಡಬೇಕು. ಮಣ್ಣು ಗಟ್ಟಿಯಾಗಿ ಗೋಡೆಯನ್ನು ಬಿಟ್ಟಿದ್ದರೆ ಕುಂಡವನ್ನೇ ಅರ್ಧ ತಾಸು ನೀರಿನ ಬಕೀಟಿನಲ್ಲಿಟ್ಟು ತೆಗೆಯಿರಿ.

ಕಾಲಮಾನವನ್ನೂ ನೋಡಬೇಕು. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮೀರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕಾಗಬಹುದು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವದರಿಂದ ವಾರಕ್ಕೊಮ್ಮೆ ಸಾಕಾದೀತು. ಚಳಿಗಾಲದಲ್ಲಿ ಗಿಡವು ಬೆಳೆಯುವದು ಮಂದವಾಗುವದರಿಂದ ಇನ್ನೂ ತಡೆದು ಕೊಡಬಹುದು. ಆದರೆ ಇವೆಲ್ಲ ಅಂದಾಜುಗಳೇ. ಕೊನೆಯ ಮಾತು ಬೆರಳಿನದು.

ಕೊಳವೆ ಬಾವಿಯ ನೀರು ಅನೇಕ ಕಡೆಗಳಲ್ಲಿ ಗಡಸಾಗಿದ್ದು, ಅದರ ಲವಣವು ಮಣ್ಣಿನ ಮೇಲೆ ಬಿಳಿಯ ಪೊರೆಯಾಗಿ ಕೂಡ್ರುವದು. ಎಲೆಗಳ ತುದಿಗಳು ಸುಟ್ಟಂತೆ ಕಂದಾಗುವವು. ನೀರನ್ನು ಶುದ್ಧಮಾಡುವ ಯಂತ್ರದಿಂದ ಹೊರಚೆಲ್ಲುವ ನೀರಿನಲ್ಲಿ ಲವಣವು ಮತ್ತಷ್ಟು ಹೆಚ್ಚಾಗಿರುವದರಿಂದ ಅದನ್ನು ಗಿಡಕ್ಕೆ ಹಾಕಲಾಗದು. ಮಾಳಿಗೆಯಿಂದ ಬೀಳುವ ಮಳೆಯ ನೀರನ್ನು ಹಿಡಿದಿಟ್ಟರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಉಪ್ಪು ಬೆರೆಸದೆ ಅಕ್ಕಿಬೇಳೆ ತೊಳೆದ ನೀರೂ ಆಗಬಹುದು. ಸಾಬೂನಿನ ನೀರು ಬೇಡ.

ಸುಟಿಯಲ್ಲಿ ಊರಿಗೆ ಹೋಗುವವರು ಒಂದು ಉಪಾಯವನ್ನು ಮಾಡಬಹುದು. ಕುಂಡಕ್ಕಿಂತ ಸ್ವಲ್ಪ ಎತ್ತರದಲ್ಲಿ ನೀರು ತುಂಬಿದ ಪಾತ್ರೆಯನ್ನಿಟ್ಟು, ದಪ್ಪವಾದ ಅರಳೆಯ ಬತ್ತಿಯ ಒಂದು ತುದಿಯನ್ನು ನೀರಿನ ತಳಕ್ಕೂ ಇನ್ನೊಂದನ್ನು ಕುಂಡದ ಮಣ್ಣಿನೊಳಕ್ಕೂ ಸೇರಿಸಿರಿ. ದೀಪದ ಬತ್ತಿಯಲ್ಲಿ ಎಣ್ಣೆಯು ಏರುವಂತೆಯೇ ಇದರಲ್ಲಿ ನೀರು ಹರಿದು ಮಣ್ಣನ್ನು ತೇವವಾಗಿಡುವದು. ಹೋಗುವದಕ್ಕೆ ಮುಂಚೆ ಒಂದೆರಡು ದಿನ ಪರೀಕ್ಷಿಸಿ ನೋಡುವದು ಒಳ್ಳೆಯದು.

ಇನ್ನೆರಡು ಎಚ್ಚರಿಕೆಗಳುಂಟು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ತತ್ತಿಯಿಟ್ಟು, ಒಂದು ವಾರ ಹತ್ತು ದಿನಗಳೊಳಗೆ ಅವು ಸೊಳ್ಳೆಗಳಾಗಿ ಹಾರುವವು. ಮನಿ ಪ್ಲಾಂಟ್, ಡಿಫೆನ್‌ಬೇಕಿಯಾಗಳ ಎಲೆ ಕಾಂಡಗಳನ್ನು ಅಗಿದರೆ ಬಾಯಿ ಉರಿದು ಬಾವು ಬರುವದರಿಂದ ಅವುಗಳನ್ನು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ತಾಯಂದಿರೇ, ಕುಂಡದ ಗಿಡವೊಂದನ್ನು ನಿಮ್ಮ ಮಗಳ ವಶಕ್ಕೆ ಕೊಟ್ಟು ನೋಡಿರಿ. ಗಡಿಯಾರವನ್ನು ನೋಡಿ ನೀರು ಸುರಿಯುವದನ್ನಲ್ಲ, ಮಣ್ಣನ್ನು ಮುಟ್ಟಿ ಬೇಕೋ ಬೇಡವೋ ಎಂದು ನಿರ್ಣಯಿಸುವದನ್ನು ಅವಳಿಗೆ ಕಲಿಸಿರಿ. ಕೊಡುವದಕ್ಕೆ ಮುಂಚೆ ವಿಚಾರಿಸುವ ಈ ಅಭ್ಯಾಸವು ಅವಳಿಗೆ ಮುಂದೆ ಹಲವು ಕೆಲಸಗಳಲ್ಲಿ ಒದಗುವದು. ಮನೆಯ ಕೊಡದಲ್ಲಿಯೂ ದಿನಕ್ಕೊಂದು ತಂಬಿಗೆ ನೀರು ಉಳಿಯುವದು.