ತಕ್ಕುದಲ್ಲ, ಯಾರಿಗೆ?

ಇಂಗ್ಲಿಷಿನ ‘ಅನ್‌ಡಿಗ್ನಿಫೈಡ್’ ಎಂಬ ಗುಣವಾಚಕಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ‘ಅಗೌರವದ’ ಎಂದು ಬರೆಯುವವರುಂಟು. ಅದು ಸಲ್ಲದು. ಅಗೌರವ ನಾವು ಇನ್ನೊಬ್ಬರಿಗೆ ತೋರುವಂಥದು. ಈ ಪದ ಹೇಳುವುದು ಒಬ್ಬನ ನಡೆ ಅವನದೇ ಘನತೆಗಿಂತ ಕೆಳಗಿಳಿದುದನ್ನು. ‘ಅಸಭ್ಯ’ವೂ ಹೊಂದದು. ನ್ಯಾಯಾಧೀಶರೊಬ್ಬರು ಗಾಳಿಗೆ ಹಾರಿದ ಟೋಪಿಯ ಬೆನ್ನುಹತ್ತಿ ಬೀದಿಯಲ್ಲಿ ಓಡಿದರೆ ಅದರಲ್ಲಿ ಅಸಭ್ಯತೆಯಿಲ್ಲ, ತಪ್ಪೂ ಇಲ್ಲ. ಆದರೂ ಅದು ಅನ್‌ಡಿಗ್ನಿಫೈಡ್. ಅದೇ ಬೀದಿಯಲ್ಲಿ ಬಾಲಕನೊಬ್ಬ ಓಡಿದರೆ ಯಾರೂ ಹಾಗೆನ್ನರು. ಅವಸರ, ನೂಕುನುಗ್ಗಲು, ಪಲಾಯನ ಮೊದಲಾದುವುಗಳ ಜೊತೆಗೆ ಈ ಪದವನ್ನು ಹಚ್ಚುವುದು ಇಂಗ್ಲಿಷರ ರೂಢಿ. ಆಗ ಅದರಲ್ಲಿ ಬಹುಮಟ್ಟಿಗೆ ನಗೆಯ ಎಳೆಯೊಂದು ಇದ್ದೇ ಇರುತ್ತದೆ.

ಪದದ ಬೇರು ಲ್ಯಾಟಿನ್ನಿನ ‘ಡಿಗ್ನುಸ್’. ತಕ್ಕ, ಯೋಗ್ಯ ಎಂದರ್ಥ. ಇದರ ಸಂತಾನ ದೊಡ್ಡದು. ತಕ್ಕ ಶಿಕ್ಷೆಯನ್ನು ಹೇಳುವ ‘ಕನ್‌ಡೈನ್’, ತಿರಸ್ಕಾರವನ್ನು ಹೇಳುವ ‘ಡಿಸ್‌ಡೇನ್’, ಅನ್ಯಾಯ ಕಂಡು ಕೆರಳಿದವನನ್ನು ಹೇಳುವ ‘ಇಂಡಿಗ್ನೆಂಟ್’, ಕೊನೆಗೆ ರುಚಿಯಾದ ತಿನಿಸಿಗೆ ಸಲ್ಲುವ ‘ಡೇಂಟಿ’ ಕೂಡ ಈ ಮನೆಯ ಮಕ್ಕಳೇ. ‘ಇಂಡಿಗ್ನಿಟಿ’ ಮಾತ್ರ ನಮ್ಮ ಪದಕ್ಕೆ ತೀರ ಹತ್ತಿರದ್ದು, ಆದರೂ ಬೇರೆ. ಅನ್‌ಡಿಗ್ನಿಫೈಡ್ ಆಗುವುದು ತನ್ನ ನಡೆಯಿಂದ; ಇಂಡಿಗ್ನಿಟಿ ಪರರಿಂದ ಒದಗುವ ಅವಮಾನ.

ನಮ್ಮವರು ‘ಅದು ಅವರಿಗೆ ಶೋಭೆಯಲ್ಲ’, ‘ಹಿರಿತನಕ್ಕೆ ತಕ್ಕುದಲ್ಲ’ ಎನ್ನುತ್ತಾರೆ. ನಿಘಂಟಿನ ಪದಗಳಿಗಿಂತ ನನಗೆ ಇವೇ ಮೆಚ್ಚು. ‘ತಕ್ಕ’ ಎಂದೊಡನೆ ಕನ್ನಡ ಚತುರ್ಥಿಯನ್ನು ಬೇಡುತ್ತದೆ: ಯಾರಿಗೆ, ಯಾವುದಕ್ಕೆ? ಇಂಗ್ಲಿಷಿನಲ್ಲಿ ಅದನ್ನು ಹೇಳದೆಯೂ ವಾಕ್ಯ ಮುಗಿಯುತ್ತದೆ.

ಈ ಪ್ರಶ್ನೆಯನ್ನು ಕೇಳದೆ ಅನುವಾದಿಸಿದರೆ ಕೇಡಾಗುವುದುಂಟು. ಮಲ ಬಾಚಿ ಹೊರುವುದನ್ನು ಇಂಗ್ಲಿಷಿನಲ್ಲಿ ಹೀಗೆ ಕರೆದರೆಂದು ನಾವೂ ‘ಘನತೆಯಿಲ್ಲದ ಕೆಲಸ’ ಎಂದು ಬರೆದೆವೆನ್ನಿ. ಕುಂದು ಹೋಗಿ ಮಾಡುವವನ ಮೈಗೆ ಅಂಟಿಕೊಳ್ಳುತ್ತದೆ. ಆ ಪದ್ಧತಿಯನ್ನು ನಿಷೇಧಿಸಲು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕೇಂದ್ರದ ಕಾಯಿದೆ ಬಂದಿತು. ಎರಡನೆಯದು ಪೀಠಿಕೆಯಲ್ಲಿಯೇ ವ್ಯಕ್ತಿಯ ಘನತೆಯನ್ನು ನೆನೆದು, ಪದ್ಧತಿಯನ್ನು ಅಮಾನವೀಯವೆಂದು ಕರೆದು, ಜಾತಿವ್ಯವಸ್ಥೆಯ ಅನ್ಯಾಯವನ್ನು ಅದರ ಮೂಲಗಳಲ್ಲಿ ಒಂದೆಂದು ಹೆಸರಿಸುತ್ತದೆ. ಅಲ್ಲಿ ಸಲ್ಲುವ ಮಾತು ಇಂಡಿಗ್ನಿಟಿ. ಕನ್ನಡದಲ್ಲಿ ‘ದುಡಿಯುವವನ ಘನತೆಗೆ ಕುಂದು ತರುವ ಪದ್ಧತಿ’ ಎನ್ನಬಹುದು. ‘ಶೋಭೆಯಲ್ಲ’ ಎಂಬುದನ್ನೇ ಉಳಿಸಿಕೊಳ್ಳುವುದಾದರೆ, ಚತುರ್ಥಿಯ ಸ್ಥಾನದಲ್ಲಿ ಮಾಡಿಸುವವರನ್ನು ಇಡಬೇಕು.